ಒಂಟಿ ಪೈನ್ ಮರದಿಂದಲೇ ಶುರು ಮಾಡಿ

ಗುಡ್ಡದ ಹುಲ್ಲುಗಾವಲಿಗೆ ನುಗ್ಗುತ್ತಿದ್ದ, ಹೊರಗಿನಿಂದ ಬಂದ ಪೈನ್ ಮರಗಳನ್ನು ತೆಗೆಯಲು ಹೊರಟ ಮೊದಲ ವರ್ಷ ನಾವು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ಗುಡ್ಡದ ಬುಡದಲ್ಲಿ ಪೈನ್ ದಟ್ಟವಾಗಿ ಎದ್ದಿತ್ತು. ಕಣ್ಣಿಗೆ ರಾಚುತ್ತಿದ್ದುದು ಅದೇ, ಹಾಗಾಗಿ ಅಲ್ಲಿಂದಲೇ ಕಡಿಯಲು ಶುರು ಮಾಡಿದೆವು. ವಾರಗಟ್ಟಲೆ ಬೆವರು ಸುರಿಸಿದೆವು. ಅಷ್ಟರಲ್ಲಿ ಮೇಲಿನ ಹುಲ್ಲುಗಾವಲಿನಲ್ಲಿ ಅಲ್ಲೊಂದು ಇಲ್ಲೊಂದು ನಿಂತಿದ್ದ ಮರಗಳು ಕಾಯಿ ಒಡೆದು ಬೀಜ ತೂರಿ ಮುಗಿಸಿದ್ದವು.

ಪೈನ್ ಬೀಜಕ್ಕೆ ತೆಳುವಾದ ರೆಕ್ಕೆ ಇದೆ. ಹೆಚ್ಚಿನವು ತಾಯಿಮರದ ಹತ್ತಿರವೇ ಬೀಳುತ್ತವೆ, ನಿಜ. ಆದರೆ ದಿಬ್ಬದ ಮೇಲೆ ಜೋರು ಗಾಳಿ ಸಿಕ್ಕರೆ ಕೆಲವು ಕಿಲೋಮೀಟರ್‌ಗಟ್ಟಲೆ ಹೋಗುತ್ತವೆ. ಹಾಗಾಗಿ ಎರಡನೇ ವರ್ಷ ಸರದಿ ತಿರುಗಿಸಿದೆವು. ಮೊದಲು ದೂರದ ಒಂಟಿ ಮರ, ಆಮೇಲೆ ಚಿಕ್ಕ ಗುಂಪು, ಕೊನೆಗೆ ದಟ್ಟ ತೋಪು. ಒಂದೇ ಮರಕ್ಕಾಗಿ ಅಷ್ಟು ದೂರ ಹತ್ತುವಾಗ ಸುಮ್ನೆ ಹೊತ್ತು ಹಾಳು ಅನ್ನಿಸುತ್ತದೆ. ಖಂಡಿತ ಅಲ್ಲ.

ಸಸಿಗಳನ್ನು ಮಳೆ ಬಿದ್ದ ಮೇಲೆ ಕೀಳಬೇಕು. ಹಸಿ ಮಣ್ಣಿನಲ್ಲಿ ಬೇರುಸಮೇತ ಬರುತ್ತವೆ. ಒಣ ನೆಲದಲ್ಲಿ ಎಳೆದರೆ ನಡುವೆ ತುಂಡಾಗುತ್ತವೆ.

ಕೈಗೆ ಬಾರದ ಮರಕ್ಕೆ ಗರಗಸ. ಇಲ್ಲಿ ಒಂದು ವಿಷಯ ಜಾಸ್ತಿ ಒತ್ತಿ ಹೇಳಬೇಕು. ಹೆಚ್ಚಿನ ಪೈನ್ ಜಾತಿಗಳು ಬರೀ ಬೊಡ್ಡೆಯಿಂದ ಚಿಗುರುವುದಿಲ್ಲ. ಆದರೆ ಕಡಿದ ಜಾಗದ ಕೆಳಗೆ ಒಂದೇ ಒಂದು ಹಸಿರು ರೆಂಬೆ ಉಳಿದರೂ ಅದೇ ತಲೆ ಎತ್ತಿ ಮರವಾಗುತ್ತದೆ. ಅವಸರದಲ್ಲಿ ನಾನು ಕಡಿದ ಎಷ್ಟೋ ಮರಗಳು ಮರುವರ್ಷ ಪೊದೆಯಂತೆ ನಿಂತಿದ್ದವು. ಈಗ ಮೊಣಕಾಲೂರಿ, ಹುಲ್ಲು ಸರಿಸಿ, ಕಟ್ಟಕಡೆಯ ಸೂಜಿ ಎಲೆಗಿಂತ ಕೆಳಗೇ ಕೊಯ್ಯುತ್ತೇನೆ.

ದೊಡ್ಡ ಮರ ಉರುಳಿದರೆ ಕೆಳಗಿನ ನಾಡಗಿಡಗಳು ನಜ್ಜುಗುಜ್ಜಾಗುತ್ತವೆ. ಅಂಥ ಕಡೆ ಕಾಂಡದ ಸುತ್ತ ತೊಗಟೆ ಅಗಲವಾಗಿ ಸುಲಿದು, ನಿಂತಲ್ಲೇ ಒಣಗಲು ಬಿಟ್ಟೆವು. ತಿಂಗಳುಗಟ್ಟಲೆ ಹಿಡಿಯುತ್ತದೆ. ಕಾಲುದಾರಿಯ ಪಕ್ಕ ಮಾತ್ರ ಹೀಗೆ ಮಾಡಬೇಡಿ, ಒಣಮರ ಯಾವಾಗ ಬೀಳುತ್ತದೋ ಹೇಳಲಾಗದು. ಕಾಂಡಕ್ಕೆ ತೂತು ಕೊರೆದು ಕಳೆನಾಶಕ ತುಂಬುವ ದಾರಿಯೂ ಇದೆ. ಅಲ್ಲೇ ತೊರೆ ಹುಟ್ಟುವುದರಿಂದ ನಮಗೆ ಮನಸ್ಸು ಬರಲಿಲ್ಲ.

ಬೆಂಕಿ ಇಡಿ ಎಂದವರಿದ್ದಾರೆ. ದಯವಿಟ್ಟು ಬೇಡ. ರೇಡಿಯೇಟಾ, ಪಟುಲಾ ಪೈನ್‌ಗಳ ಮುಚ್ಚಿದ ಕಾಯಿಗಳು ಬಿಸಿಗೆ ಬಾಯಿ ಬಿಟ್ಟು, ಬೋಳಾದ ನೆಲಕ್ಕೆ ಬೀಜ ಸುರಿಸುತ್ತವೆ.

ಹುಲ್ಲುಗಾವಲನ್ನು ಖಾಲಿ ಜಾಗ ಅನ್ನುವುದು ಕೇಳಿದರೆ ನನಗೆ ನೋವಾಗುತ್ತದೆ. ನೆಲದಲ್ಲೇ ಗೂಡು ಕಟ್ಟುವ ಹಕ್ಕಿಗೆ ಅದೇ ಮನೆ ಅಲ್ವಾ? ಮೇಲಾಗಿ ಪೈನ್ ಹುಲ್ಲಿಗಿಂತ ಜಾಸ್ತಿ ನೀರು ಹೀರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 1995ರಲ್ಲಿ ‘ವರ್ಕಿಂಗ್ ಫಾರ್ ವಾಟರ್’ ಯೋಜನೆ ಶುರುವಾಗಿ, ಹೊರಗಿನಿಂದ ಬಂದ ಮರಗಳನ್ನು ತೆಗೆಯಲು ಹೊರಟದ್ದು ಈ ನೀರಿಗಾಗಿಯೇ.

ಒಮ್ಮೆ ಕಡಿದು ಮನೆಗೆ ಹೋದರೆ ಆಗದು. ನ್ಯೂಜಿಲೆಂಡ್‌ನ ಗುಡ್ಡಗಳನ್ನು ಕಾಡುವ ಲಾಡ್ಜ್‌ಪೋಲ್ ಪೈನ್ ಹತ್ತು ವರ್ಷ ತುಂಬುವ ಮೊದಲೇ ಕಾಯಿ ಬಿಡಬಲ್ಲದು. ಅದಕ್ಕೇ ನಾವು ಎರಡು ಮೂರು ವರ್ಷಕ್ಕೊಮ್ಮೆ ಅದೇ ಜಾಗವನ್ನು ಸಾಲಾಗಿ ನಡೆದು ಹುಡುಕುತ್ತೇವೆ. ತೋಪು ಇನ್ನೂ ಅರ್ಧ ಉಳಿದಿದೆ. ಮೇಲಿನ ಬಯಲಿನಲ್ಲಿ ಕಳೆದ ಸಲ ಸಿಕ್ಕಿದ್ದು ಬೆರಳೆಣಿಕೆಯ ಸಸಿಗಳು. ಎಲ್ಲವೂ ಕೈಯಲ್ಲೇ ಬಂದವು.