ಅಮೆರಿಕದ ಸೇನಾ ಜಾಝ್ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್: ಆಡಿಷನ್‌ನಿಂದ ನಿವೃತ್ತಿಯವರೆಗೆ

ತಿಂಗಳ ಸಂಬಳ, ವೈದ್ಯಕೀಯ ಸೌಲಭ್ಯ, ಪಿಂಚಣಿ ಮೂರನ್ನೂ ಕೊಟ್ಟು ಬಿಗ್ ಬ್ಯಾಂಡ್ (ದೊಡ್ಡ ವಾದ್ಯವೃಂದದ) ಜಾಝ್ ನುಡಿಸಲು ಬಿಡುವ ಕೆಲಸ ಅಮೆರಿಕದಲ್ಲಿ ಬಹಳ ಕಡಿಮೆ. ಅಂಥ ಕೆಲಸ ಇಂದಿಗೂ ಗಟ್ಟಿಯಾಗಿ ಉಳಿದಿರುವುದು ಸೇನೆಯ ಬ್ಯಾಂಡುಗಳಲ್ಲಿ. ಅಲ್ಲಿಗೆ ಹೋಗಬೇಕೆನ್ನುವ ಸ್ಯಾಕ್ಸೋಫೋನ್ ವಾದಕರು ಏನನ್ನು ಅಭ್ಯಾಸ ಮಾಡಬೇಕು, ಎಲ್ಲಿ ಎಡವುತ್ತಾರೆ, ಒಳಗೆ ಹೋದ ಮೇಲೆ ಏನು ಕಾದಿರುತ್ತದೆ ಎಂಬುದನ್ನು ಇಲ್ಲಿ ಬರೆದಿದೆ. ಸೋಲೊ ಚೆನ್ನಾಗಿ ನುಡಿಸುವವರು ಆಡಿಷನ್‌ಗೆ ಸಾಲುಗಟ್ಟಿ ಬರುತ್ತಾರೆ. ಐವರ ಸಾಲಿನಲ್ಲಿ ಕೂತು ಪಕ್ಕದವರ ಜೊತೆ ಒಂದೇ ಉಸಿರಿನಲ್ಲಿ ಊದಬಲ್ಲವರು ಕಡಿಮೆ. ಕೆಲಸ ಸಿಗುವುದು ಅವರಿಗೆ.

ಯಾವ ಬ್ಯಾಂಡು, ಯಾವ ಕುರ್ಚಿ

ಸೇನೆಯ ಬ್ಯಾಂಡುಗಳಲ್ಲಿ ಎರಡು ಬಗೆ. ಮೊದಲನೆಯದು ವಾಷಿಂಗ್ಟನ್ ಸುತ್ತಮುತ್ತ ಇರುವ ಪ್ರೀಮಿಯರ್ ಬ್ಯಾಂಡುಗಳು. ವಾಯುಪಡೆಯ ಏರ್‌ಮೆನ್ ಆಫ್ ನೋಟ್ 1950ರಲ್ಲಿ ಹುಟ್ಟಿದ್ದು; ಎರಡನೇ ಮಹಾಯುದ್ಧದಲ್ಲಿ ಮೇಜರ್ ಗ್ಲೆನ್ ಮಿಲ್ಲರ್ ಕಟ್ಟಿದ್ದ ಬ್ಯಾಂಡಿನ ಪರಂಪರೆಯನ್ನು ಮುಂದುವರಿಸಲೆಂದೇ ಅದನ್ನು ಕಟ್ಟಿದರು. ನೌಕಾಪಡೆಯ ಕಮೊಡೋರ್ಸ್ ಮತ್ತು ಭೂಸೇನೆಯ ಜಾಝ್ ಅಂಬಾಸಡರ್ಸ್ ಎರಡೂ 1969ರವು. ಜಾಝ್ ಅಂಬಾಸಡರ್ಸ್ ನೆಲೆ ಮೇರಿಲ್ಯಾಂಡಿನ ಫೋರ್ಟ್ ಮೀಡ್. ವರ್ಜೀನಿಯಾದ ಫೋರ್ಟ್ ಮೈಯರ್‌ನಲ್ಲಿ ಆರ್ಮಿ ಬ್ಲೂಸ್ ಇದೆ. ಈ ಬ್ಯಾಂಡುಗಳಿಗೆ ಸೇರಿದವರನ್ನು ಸಾಮಾನ್ಯವಾಗಿ ಬೇರೆಡೆ ವರ್ಗ ಮಾಡುವುದಿಲ್ಲ. ದರ್ಜೆಯೂ ನೇರವಾಗಿ ಇ-6, ಅಂದರೆ ಅಧಿಕಾರಿಗಳಲ್ಲದ ಸೈನಿಕರ ಶ್ರೇಣಿಗಳಲ್ಲಿ ಕೆಳಗಿನಿಂದ ಆರನೆಯದು. ಅದಕ್ಕೇ ಬಂದವರು ಬೇಗ ಬಿಡುವುದಿಲ್ಲ, ಜಾಗ ಖಾಲಿಯಾಗುವುದು ಯಾರಾದರೂ ನಿವೃತ್ತರಾದಾಗ. ಪ್ರಕಟಣೆಯಲ್ಲಿ ಬರೀ ‘ಸ್ಯಾಕ್ಸೋಫೋನ್’ ಎಂದಿರುವುದಿಲ್ಲ, ಯಾವ ಕುರ್ಚಿ (ಸಾಲಿನ ಯಾವ ಸ್ಥಾನ) ಎಂದೂ ಇರುತ್ತದೆ.

ಎರಡನೆಯದು ದೇಶದ ಬೇರೆ ಬೇರೆ ನೆಲೆಗಳಲ್ಲೂ ಹೊರದೇಶಗಳಲ್ಲೂ ಇರುವ ಪ್ರಾದೇಶಿಕ ಬ್ಯಾಂಡುಗಳು. ಇಲ್ಲಿ ದರ್ಜೆ ಕೆಳಗಿನಿಂದ ಶುರು, ಕೆಲವು ವರ್ಷಕ್ಕೊಮ್ಮೆ ವರ್ಗ. ಬೆಳಿಗ್ಗೆ ಪರೇಡಿಗೆ ಮಾರ್ಚ್, ಮಧ್ಯಾಹ್ನ ಕಾನ್ಸರ್ಟ್ ಬ್ಯಾಂಡ್, ಸಂಜೆ ಜಾಝ್ ಕಾಂಬೊ (ಸಣ್ಣ ತಂಡ) ಅಥವಾ ರಾಕ್ ತಂಡ, ಎಲ್ಲದಕ್ಕೂ ಅದೇ ವಾದಕ. ಇದನ್ನು ಕೀಳಾಗಿ ಕಾಣುವವರು ತಪ್ಪು ಮಾಡುತ್ತಾರೆ. ಹೆಸರಾಂತ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ 1945ರಲ್ಲಿ ನೌಕಾಪಡೆ ಸೇರಿ ಹವಾಯಿಯಲ್ಲಿ ಅಲ್ಲಿನ ನಾವಿಕರ ತಂಡದಲ್ಲಿ ನುಡಿಸಿದವರು. ಅಷ್ಟೇ ಹೆಸರಾಂತ ಆಲ್ಟೊ ವಾದಕ ಕ್ಯಾನನ್‌ಬಾಲ್ ಆಡರ್ಲಿ 1950ರ ದಶಕದ ಆರಂಭದಲ್ಲಿ ಭೂಸೇನೆಯ ಬ್ಯಾಂಡ್ ನಡೆಸಿದವರು. ಎಲ್ಲ ಬಗೆಯ ಸಂಗೀತವನ್ನೂ ದಿನವೂ ಓದಿ ನುಡಿಸುವ ಅಭ್ಯಾಸ ಬೇರೆಲ್ಲೂ ಇಷ್ಟು ಸಿಗದು.

ಬಿಗ್ ಬ್ಯಾಂಡಿನಲ್ಲಿ ಐದು ಸ್ಯಾಕ್ಸೋಫೋನ್: ಎರಡು ಆಲ್ಟೊ, ಎರಡು ಟೆನರ್, ಒಂದು ಬ್ಯಾರಿಟೋನ್ (ಕ್ರಮವಾಗಿ ದೊಡ್ಡದಾಗುತ್ತ, ಸ್ವರ ತಗ್ಗುತ್ತ ಹೋಗುವ ಗಾತ್ರಗಳು). ನಡುವೆ ಕೂರುವ ಲೀಡ್ ಆಲ್ಟೊ ಹೇಳಿದ್ದೇ ನಡೆ. ಟೆನರ್ ಸೋಲೊಗಳು ಹೆಚ್ಚಾಗಿ ಎರಡರಲ್ಲೊಂದು ಕುರ್ಚಿಗೇ ಬರುತ್ತವೆ. ಆ ಕುರ್ಚಿಗೆ ಅರ್ಜಿ ಹಾಕುವವರ ಮನೋಧರ್ಮವನ್ನು, ಅಂದರೆ ಸ್ಥಳದಲ್ಲೇ ಕಲ್ಪಿಸಿ ನುಡಿಸುವ ಶಕ್ತಿಯನ್ನು, ಉಳಿದವರಿಗಿಂತ ಕಟ್ಟುನಿಟ್ಟಾಗಿ ಪರೀಕ್ಷಿಸುತ್ತಾರೆ.

ಕ್ಲಾರಿನೆಟ್, ಫ್ಲೂಟ್ ಬಾರದೆ ಆಗದು

ಒಳ್ಳೊಳ್ಳೆಯ ಸ್ಯಾಕ್ಸ್ ವಾದಕರು ಮುಗ್ಗರಿಸುವ ಜಾಗ ಇದು. ಐವರೂ ಕನಿಷ್ಠ ಕ್ಲಾರಿನೆಟ್ ಮತ್ತು ಫ್ಲೂಟ್ ನುಡಿಸಬೇಕಾಗುತ್ತದೆ. ಆಲ್ಟೊದವರಿಗೆ ಸೊಪ್ರಾನೊ ಸ್ಯಾಕ್ಸ್, ಬ್ಯಾರಿಟೋನಿನವರಿಗೆ ಬಾಸ್ ಕ್ಲಾರಿನೆಟ್ ಮೇಲಿಂದ ಸೇರುತ್ತವೆ.

ಸ್ಯಾಕ್ಸಿನ ಸಡಿಲ ತುಟಿಯಲ್ಲೇ ಕ್ಲಾರಿನೆಟ್ ಊದಿದರೆ ಶ್ರುತಿ ಇಳಿದು ಸ್ವರ ಹರಡಿಕೊಳ್ಳುತ್ತದೆ. ತುಟಿ ಸರಿಯಿದೆಯೇ ಎಂದು ತಿಳಿಯಲು ಮೌತ್‌ಪೀಸನ್ನು (ಬಾಯಿಗಿಡುವ ತುಂಡು) ಬ್ಯಾರೆಲ್‌ಗೆ (ಅದರ ಕೆಳಗಿನ ಗಿಡ್ಡ ಕೊಳವೆ) ಸಿಕ್ಕಿಸಿ ಅಷ್ಟನ್ನೇ ಊದಿ, ಪಿಯಾನೊದ ಎಫ್ ಶಾರ್ಪ್ ಸ್ವರ ಬರಬೇಕು. ಆಲ್ಟೊ ಮೌತ್‌ಪೀಸ್ ಒಂದನ್ನೇ ಊದಿದರೆ ಶಾಸ್ತ್ರೀಯ ಶೈಲಿಯಲ್ಲಿ ಎ, ಟೆನರ್‌ಗೆ ಜಿ, ಬ್ಯಾರಿಟೋನ್‌ಗೆ ಡಿ. ಜಾಝ್‌ನಲ್ಲಿ ತುಟಿ ಸಡಿಲಿರುವುದರಿಂದ ಇದಕ್ಕಿಂತ ಸ್ವಲ್ಪ ಕೆಳಗೆ ಬರುತ್ತದೆ. ಬೆರಳಿನ ಲೆಕ್ಕವೂ ಬೇರೆ. ಸ್ಯಾಕ್ಸಿನಲ್ಲಿ ಆಕ್ಟೇವ್ ಕೀಲಿ ಒತ್ತಿದರೆ ಅದೇ ಬೆರಳಿಗೆ ಒಂದು ಸ್ಥಾಯಿ ಮೇಲಿನ ಸ್ವರ. ಕ್ಲಾರಿನೆಟ್ಟಿನಲ್ಲಿ ಒಂದು ಸ್ಥಾಯಿ ದಾಟಿ ಇನ್ನೂ ಐದನೇ ಸ್ವರದಷ್ಟು ಮೇಲೆ ಹಾರುತ್ತದೆ. ಗಂಟಲ (ಕೆಳಸ್ಥಾಯಿಯ ಮೇಲ್ತುದಿಯ) ಬಿ ಫ್ಲ್ಯಾಟ್‌ನಿಂದ ಮೇಲಿನ ಬಿಗೆ ದಾಟುವ ಕಡೆ ಒಮ್ಮೆಗೇ ಹೆಚ್ಚುಕಡಿಮೆ ಎಲ್ಲ ಬೆರಳುಗಳೂ ಕೂರಬೇಕು. ಆ ಎರಡು ಸ್ವರಗಳನ್ನೇ ದಿನಕ್ಕೆ ಹತ್ತು ನಿಮಿಷ ನಿಧಾನವಾಗಿ ಉಜ್ಜಿ.

ಮುಖ್ಯವಾದದ್ದು ವಾದ್ಯ ಬದಲಿಸುವ ಅಭ್ಯಾಸ. ನಿಮಿಷಕ್ಕೆ 180 ಬಡಿತದಲ್ಲಿ 8 ಬಾರ್ (ನಾಲ್ಕು ಬಡಿತಕ್ಕೊಂದು ಬಾರ್) ವಿರಾಮ ಎಂದರೆ 11 ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಆಲ್ಟೊ ಸ್ಟ್ಯಾಂಡಿಗೆ ಕೂರಬೇಕು, ಕ್ಲಾರಿನೆಟ್ ಕೈಗೆ ಬರಬೇಕು, ತುಟಿ ಬದಲಾಗಬೇಕು, ಒಮ್ಮೆ ಉಸಿರೆಳೆಯಬೇಕು. ವಾದ್ಯಗಳನ್ನು ಯಾವಾಗಲೂ ಒಂದೇ ಜಾಗದಲ್ಲಿ ನಿಲ್ಲಿಸಿ. ಕೈ ಕಣ್ಣಿಲ್ಲದೆ ಹೋಗಿ ಹಿಡಿಯಬೇಕು. ಇಪ್ಪತ್ತು ನಿಮಿಷ ಸುಮ್ಮನೆ ನಿಂತ ಕ್ಲಾರಿನೆಟ್ಟಿನ ಬಿದಿರಿನಂಥ ರೀಡ್ (ಮೌತ್‌ಪೀಸಿಗೆ ಕಟ್ಟಿದ, ಊದಿದಾಗ ಕಂಪಿಸುವ ಪಟ್ಟಿ) ಒಣಗಿ ಅಂಚು ಅಲೆಅಲೆಯಾಗುತ್ತದೆ, ಮೊದಲ ಸ್ವರವೇ ಕೀಚಲು. ಮುಚ್ಚಳ ಹಾಕಿಡಿ, ಇಲ್ಲವೇ ಎರಡನೇ ವಾದ್ಯಕ್ಕೆ ಸಿಂಥೆಟಿಕ್ ರೀಡ್ ಬಳಸಿ. ಕ್ಲಾರಿನೆಟ್ ಬೆನ್ನಿಗೇ ಫ್ಲೂಟ್ ಬಂದರೆ ಬಿಗಿದ ತುಟಿ ಬಿಡುವುದಿಲ್ಲ. ಫ್ಲೂಟ್ ಎತ್ತುವಾಗ ತುಟಿಗಳನ್ನು ಒಮ್ಮೆ ಪಟಪಟ ನಡುಗಿಸಿಕೊಳ್ಳಿ.

ಆಡಿಷನ್

ಮೊದಲ ಹಂತ ಧ್ವನಿಮುದ್ರಣ. ಕತ್ತರಿ ಹಾಕದ ಒಂದೇ ಟೇಕ್ ಕೇಳುತ್ತಾರೆ. ಪ್ರತಿಧ್ವನಿ ಹೆಚ್ಚಿರುವ ಕೋಣೆ ಬೇಡ. ಸ್ವರ ದೊಡ್ಡದಾಗಿ ಕೇಳಿದರೂ ಸ್ವರದ ಕೊನೆ ಮಸುಕಾಗುತ್ತದೆ, ಕೇಳುವವರು ಕಾಯುವುದು ಅದನ್ನೇ. ಮೈಕನ್ನು ವಾದ್ಯದ ಗಂಟೆಯಾಕಾರದ ಬಾಯಿಗೆ ಇಡದೆ ಒಂದು ಮೀಟರ್ ದೂರದಲ್ಲಿ ಎಡಗೈ ಕೀಲಿಗಳ ಎತ್ತರಕ್ಕೆ ಇಡಿ.

ಇಲ್ಲಿ ದಾಟಿದವರನ್ನು ನೇರ ಆಡಿಷನ್‌ಗೆ ಕರೆಯುತ್ತಾರೆ: ಮೊದಲೇ ಕೊಟ್ಟ ಭಾಗಗಳು, ಮನೋಧರ್ಮ, ಎರಡನೇ ವಾದ್ಯಗಳು, ಕಾಣದ ಹಾಳೆ (ಮೊದಲೇ ನೋಡಿರದ ಸ್ವರಲಿಪಿಯನ್ನು ಕೂಡಲೇ ನುಡಿಸುವುದು), ಕೊನೆಗೆ ಬ್ಯಾಂಡಿನ ಸಾಲಿನಲ್ಲೇ ಕೂರಿಸಿ ನುಡಿಸುವುದು. ಕಾಣದ ಹಾಳೆ ಕೈಗೆ ಬಂದಾಗ ಸ್ವರಗಳನ್ನು ಓದಲು ಹೋಗಬೇಡಿ. ಮೊದಲು ದಾರಿ ನೋಡಿ: ರಿಪೀಟ್ ಎಲ್ಲಿ, ಹಿಂದಿರುಗಬೇಕಾದ ಗುರುತು ಎಲ್ಲಿ, ಕೋಡಾ (ಮುಕ್ತಾಯದ ಭಾಗ) ಯಾವ ಪುಟದಲ್ಲಿ, ಶ್ರುತಿ ಎಲ್ಲಿ ಬದಲಾಗುತ್ತದೆ, ಎಲ್ಲಿ ವಾದ್ಯ ಬದಲಿಸಲು ಬರೆದಿದೆ. ಆಮೇಲೆ ಅತಿ ಕಪ್ಪಾಗಿ ಕಾಣುವ ಎರಡು ಬಾರ್‌ಗಳ ಮೇಲೆ ಬೆರಳಾಡಿಸಿ. ಅಷ್ಟಕ್ಕೇ ಸಮಯ ಮುಗಿಯುತ್ತದೆ. ನುಡಿಸುವಾಗ ತಪ್ಪಿದರೆ ನಿಲ್ಲಬೇಡಿ, ಹಿಂದೆ ಹೋಗಬೇಡಿ. ತಪ್ಪು ಸ್ವರವನ್ನು ಸರಿಯಾದ ಕಾಲಕ್ಕೆ ನುಡಿಸಿದವರನ್ನು ಕ್ಷಮಿಸುತ್ತಾರೆ, ಕಾಲಪ್ರಮಾಣ ಬಿಟ್ಟವರನ್ನು ಕ್ಷಮಿಸುವುದಿಲ್ಲ. ಮನೆಯಲ್ಲಿ ಇದಕ್ಕೆ ತಯಾರಿ ಎಂದರೆ ದಿನಕ್ಕೆರಡು ಹೊಸ ಪುಟ, ಮೆಟ್ರೊನೋಮ್ ಜೊತೆ, ಒಂದೇ ಸಲ. ಎರಡನೇ ಸಲ ನುಡಿಸಿದರೆ ಅದು ಕಾಣದ ಹಾಳೆಯ ಅಭ್ಯಾಸವಲ್ಲ.

ಇನ್ನು ಸಾಲಿನಲ್ಲಿ ನುಡಿಸುವುದು. ಲೀಡ್ ಆಲ್ಟೊ ಎಲ್ಲಿ ಉಸಿರೆಳೆಯುತ್ತಾರೋ ಅಲ್ಲೇ ನೀವೂ. ಅವರ ಕಂಪನ ಎಷ್ಟು ಅಗಲವೋ ಅಷ್ಟೇ, ಅವರು ಕೊಡದ ಕಡೆ ನೀವೂ ಕೊಡಬಾರದು. ಉದ್ದದ ಸ್ವರ ನಾಲ್ಕನೇ ಬಡಿತದ ಮೇಲೆ ನಿಲ್ಲುತ್ತದೋ ಮುಂದಿನ ಬಾರಿನ ಒಂದನೇ ಬಡಿತದ ಮೇಲೋ ಎಂಬುದು ಐವರಿಗೂ ಒಂದೇ ಆಗಿರಬೇಕು. ಒಬ್ಬರು ಕಾಲು ಬಡಿತ ತಡಮಾಡಿದರೂ ಸಾಲು ಹರಿದಂತೆ ಕೇಳುತ್ತದೆ. ಎರಡನೇ ಆಲ್ಟೊ ಲೀಡ್‌ಗಿಂತ ಮೇಲೆ ಕೇಳಬಾರದು. ಬ್ಯಾರಿಟೋನ್ ಮಾತ್ರ ತನಗೆ ಸಾಕೆನಿಸಿದ್ದಕ್ಕಿಂತ ತುಸು ಹೆಚ್ಚು ಊದಬೇಕು, ಉಳಿದವರು ಶ್ರುತಿ ಹಿಡಿಯುವುದು ಆ ತಳದ ಮೇಲೆ. ಒಬ್ಬರೇ ಇರುವಾಗ ಅಭ್ಯಾಸಕ್ಕೆ ದಾರಿ: ಮೆಟ್ರೊನೋಮ್ ಅನ್ನು 2 ಮತ್ತು 4ನೇ ಬಡಿತಕ್ಕೆ ಇಟ್ಟು ಲೀಡ್ ಭಾಗವನ್ನು ಮುದ್ರಿಸಿ, ಅದರ ಮೇಲೆ ಉಳಿದ ಭಾಗಗಳನ್ನು ಒಂದೊಂದಾಗಿ ಮುದ್ರಿಸಿ, ಆಮೇಲೆ ಸ್ವರಗಳ ಕೊನೆಗಳನ್ನಷ್ಟೇ ಕೇಳಿ. ಕಿವಿಗೆ ಬೀಳುವುದು ಹಿತವಾಗಿರುವುದಿಲ್ಲ, ಆದರೆ ಒಂದೇ ವಾರದಲ್ಲಿ ಫಲ ಕಾಣುತ್ತದೆ.

ಮೌತ್‌ಪೀಸ್ ವಿಷಯದಲ್ಲಿ ಅತಿ ತೆರೆದದ್ದರ ಬೆನ್ನು ಹತ್ತಬೇಡಿ. ಲೀಡ್ ಆಲ್ಟೊಗೆ ತುದಿಯ ತೆರವು (ರೀಡ್‌ಗೂ ಮೌತ್‌ಪೀಸ್ ತುದಿಗೂ ನಡುವಿನ ಸಂದು) 1.8 ಮಿ.ಮೀ. ಆಸುಪಾಸಿನ ಮೇಯರ್ 5 ಥರದ್ದು, ಟೆನರ್‌ಗೆ 2.67 ಮಿ.ಮೀ. ಇರುವ ಓಟೊ ಲಿಂಕ್ 7 ಸ್ಟಾರ್ ಥರದ್ದು ಸಾಕು. ಪ್ರಾದೇಶಿಕ ಬ್ಯಾಂಡಿನವರಿಗೆ ಕಾನ್ಸರ್ಟ್ ಬ್ಯಾಂಡಿಗೆಂದು ಬೇರೆ ಮೌತ್‌ಪೀಸ್ ಬೇಕು; ಆಲ್ಟೊಗೆ 1.7 ಮಿ.ಮೀ.ನ ಸೆಲ್ಮರ್ ಸಿ ಸ್ಟಾರ್ ವಾಡಿಕೆ.

ಆಯ್ಕೆಯಾದ ಮೇಲೆ ಸೇನೆಯ ವೈದ್ಯಕೀಯ ತಪಾಸಣೆ, ಶ್ರವಣ ಪರೀಕ್ಷೆ, ಆಸ್ವ್ಯಾಬ್ ಎಂಬ ಲಿಖಿತ ಪರೀಕ್ಷೆ ಇರುತ್ತವೆ. ಕ್ರಮ ಮುಖ್ಯ: ಮೊದಲು ಬ್ಯಾಂಡಿನಿಂದ ಆಯ್ಕೆ ಪತ್ರ, ಆಮೇಲೆ ಭರ್ತಿ ಒಪ್ಪಂದಕ್ಕೆ ಸಹಿ. ‘ಸೇರಿಕೊಳ್ಳಿ, ಬ್ಯಾಂಡ್ ಆಮೇಲೆ ನೋಡೋಣ’ ಎಂಬ ಬಾಯಿಮಾತಿಗೆ ಸಹಿ ಹಾಕಬೇಡಿ. ಒಪ್ಪಂದದಲ್ಲಿ ಸಂಗೀತಗಾರನ ಹುದ್ದೆ ಬರೆದಿರಲೇಬೇಕು.

ವಾದ್ಯವಿಲ್ಲದ ವಾರಗಳು

ಪ್ರೀಮಿಯರ್ ಬ್ಯಾಂಡಿನವರೂ ಮೂಲ ಸೈನಿಕ ತರಬೇತಿ ಮುಗಿಸಲೇಬೇಕು. ಭೂಸೇನೆಯಲ್ಲಿ 10 ವಾರ; ವಾಯುಪಡೆಯಲ್ಲಿ ಟೆಕ್ಸಸ್‌ನ ಲ್ಯಾಕ್ಲ್ಯಾಂಡಿನಲ್ಲಿ ಸುಮಾರು ಏಳೂವರೆ ವಾರ. ವಾಷಿಂಗ್ಟನ್ನಿನ ಮರೀನ್ ಬ್ಯಾಂಡಿನವರಿಗೆ ಇದರಿಂದ ವಿನಾಯಿತಿ. ಅಷ್ಟೂ ದಿನ ವಾದ್ಯ ಮುಟ್ಟುವ ಲೆಕ್ಕ ಇಟ್ಟುಕೊಳ್ಳಬೇಡಿ.

ಹೋಗುವ ಮುನ್ನ ಒಳಗಿನ ತೇವ ಒರೆಸಿ, ರೀಡ್ ತೆಗೆದು, ಮೌತ್‌ಪೀಸನ್ನು ಕತ್ತಿನ ಕಾರ್ಕಿನಿಂದ ಬಿಡಿಸಿಡಿ. ಇಲ್ಲವಾದರೆ ಕಾರ್ಕ್ ಅಪ್ಪಚ್ಚಿಯಾಗಿ ಸಡಿಲಾಗುತ್ತದೆ. ಬಂದು ತೆರೆದಾಗ ಜಿ ಶಾರ್ಪ್ ಪ್ಯಾಡ್ (ಆ ಸ್ವರದ ರಂಧ್ರ ಮುಚ್ಚುವ ಚರ್ಮದ ಮೆತ್ತೆ) ಅಂಟಿಕೊಂಡಿರುವುದು ಮಾಮೂಲು. ಮುಚ್ಚಿದ ಸ್ಥಿತಿಯಲ್ಲೇ ಇರುವ ಪ್ಯಾಡ್ ಅದು, ತೆರೆಯುವ ಸ್ಪ್ರಿಂಗೂ ಬಲಹೀನ. ತೆಳು ಕಾಗದದ ಚೂರು ಸಿಕ್ಕಿಸಿ, ಮೆಲ್ಲಗೆ ಒತ್ತಿ ಬಿಡಿ; ಎಳೆದರೆ ಚರ್ಮ ಹರಿಯುತ್ತದೆ. ಪೌಡರ್ ಹಾಕಬೇಡಿ, ತೇವ ತಗುಲಿ ಅದೇ ಅಂಟಾಗುತ್ತದೆ.

ತುಟಿ ಮರಳಿ ಬರುವುದಕ್ಕೆ ಅವಸರ ಮಾಡಿದವರು ಹಲ್ಲು ಕಚ್ಚಿ ಊದಲು ಶುರುಮಾಡುತ್ತಾರೆ. ಸ್ನಾಯು ಸೋತಾಗ ದವಡೆ ಆ ಕೆಲಸಕ್ಕೆ ಬರುತ್ತದೆ, ಸ್ವರ ಸಣ್ಣಗಾಗಿ ಶ್ರುತಿ ಏರುತ್ತದೆ, ಕೆಳತುಟಿಯ ಒಳಗೆ ಗಾಯ. ಮೊದಲ ವಾರ, ಗಡಸುತನದ ಅಳತೆಯಲ್ಲಿ ಅರ್ಧ ಅಂಕಿ ಮೃದುವಾದ ರೀಡ್. ದಿನಕ್ಕೆ ಮೂರು ಬಾರಿ ಹತ್ತು ಹತ್ತು ನಿಮಿಷ, ಮಧ್ಯಸ್ಥಾಯಿಯ ಉದ್ದ ಸ್ವರಗಳು ಮಾತ್ರ. ಬಾಯಿಯ ಮೂಲೆಯಿಂದ ಗಾಳಿ ಸೋರಲು ಶುರುವಾದ ಕೂಡಲೇ ಆವೊತ್ತಿಗೆ ಸಾಕು. ಎರಡನೇ ವಾರ ಕೆಳಗಿನ ಬಿ ಫ್ಲ್ಯಾಟ್‌ವರೆಗೆ, ಮೂರನೇ ವಾರದಿಂದ ಅಂಗೈ ಕೀಲಿಗಳ ಮೇಲಿನ ಸ್ವರಗಳು ಮತ್ತು ಮಾಮೂಲಿ ರೀಡ್. ಫ್ಲೂಟ್ ಎಲ್ಲಕ್ಕಿಂತ ತಡವಾಗಿ ಬರುತ್ತದೆ, ಗಾಬರಿಯಾಗಬೇಡಿ. ಬೆರಳುಗಳು ಬೇಗ ನೆನಪಿಸಿಕೊಳ್ಳುತ್ತವೆ. ಹಾಗಾಗಿಯೇ ವೇಗದ ತುಣುಕು ನುಡಿಸುವ ಆಸೆ ಮೊದಲ ದಿನವೇ ಹುಟ್ಟುವುದು.

ಬಯಲಿನಲ್ಲಿ ನುಡಿಸುವಾಗ

ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ವಾದ್ಯದ ಶ್ರುತಿ ಹೆಚ್ಚೂಕಡಿಮೆ 3 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗವೇ ಒಂದು ಸೆಂಟ್) ಏರುತ್ತದೆ. ಶಬ್ದದ ವೇಗ ಹೆಚ್ಚುವುದೇ ಕಾರಣ. ಊದುವ ವಾದ್ಯವನ್ನು ಉಸಿರು ಬೆಚ್ಚಗಿಡುತ್ತದೆ, ಸ್ಟ್ಯಾಂಡಿನಲ್ಲಿ ನಿಂತ ಕ್ಲಾರಿನೆಟ್ಟಿಗೆ ಆ ರಕ್ಷಣೆ ಇಲ್ಲ. ಚಳಿಯಲ್ಲಿ ಎತ್ತಿ ನುಡಿಸಿದರೆ ಸಾಲಿಗಿಂತ ಕೆಳಗೆ ಕೇಳುವುದು ಅದಕ್ಕೇ. ಪ್ರವೇಶಕ್ಕೆ ಮೊದಲು ಶಬ್ದ ಬಾರದಂತೆ ಬಿಸಿ ಉಸಿರನ್ನು ಒಳಗೆ ಬಿಡಿ. ಮರದ ಕ್ಲಾರಿನೆಟ್ ಚಳಿಯಲ್ಲಿ ಬಿರಿಯಬಹುದು. ಬಯಲಿಗೆ ಪ್ಲಾಸ್ಟಿಕ್‌ನದ್ದು ಒಯ್ಯಿರಿ.

ಚೀಲದಲ್ಲಿ ಇರಲೇಬೇಕಾದವು: ನುಡಿಸಿ ಪಳಗಿಸಿದ ನಾಲ್ಕು ರೀಡ್, ಒಂದು ಸಿಂಥೆಟಿಕ್, ಸಣ್ಣ ಸ್ಕ್ರೂಡ್ರೈವರ್, ಮುರಿದ ಸ್ಪ್ರಿಂಗಿನ ಬದಲಿಗೆ ಕೀಲಿ ಎಳೆದಿಡಲು ರಬ್ಬರ್ ಬ್ಯಾಂಡ್, ಸಡಿಲಾದ ಕಾರ್ಕಿಗೆ ಸುತ್ತಲು ಟೆಫ್ಲಾನ್ ಟೇಪ್, ಹಾಳೆ ಹಾರದಂತೆ ಕ್ಲಿಪ್ಪುಗಳು. ಕೆಳಗಿನ ಬಿ, ಬಿ ಫ್ಲ್ಯಾಟ್ ಇದ್ದಕ್ಕಿದ್ದಂತೆ ಹೊರಡದಿದ್ದರೆ ತುಟಿಯನ್ನು ದೂರಬೇಡಿ. ಮೇಲೆಲ್ಲೋ ಗಾಳಿ ಸೋರುತ್ತಿರುತ್ತದೆ. ಜಿ ಶಾರ್ಪ್ ಪ್ಯಾಡನ್ನು ಮೊದಲು ನೋಡಿ.

ದಿನಚರಿ, ಕಿವಿ, ನಿವೃತ್ತಿ

ನುಡಿಸುವುದರ ಜೊತೆಗೆ ಪ್ರತಿಯೊಬ್ಬರಿಗೂ ಒಂದು ಕಚೇರಿ ಕೆಲಸ ಇರುತ್ತದೆ: ಸ್ವರಲಿಪಿಗಳ ಗ್ರಂಥಾಲಯ, ಪ್ರವಾಸದ ಏರ್ಪಾಡು, ಪ್ರಚಾರ, ಧ್ವನಿಮುದ್ರಣ. ದೈಹಿಕ ಪರೀಕ್ಷೆಯೂ ತಪ್ಪದು. ಬ್ಯಾಂಡಿನ ಸಂಗೀತ ಕಛೇರಿಗಳಿಗೆ ಹಣ ತೆಗೆದುಕೊಳ್ಳುವುದಿಲ್ಲ. ಊರಿನ ನಾಗರಿಕ ಸಂಗೀತಗಾರರ ಅನ್ನ ಕಿತ್ತುಕೊಳ್ಳುವ ಕೆಲಸ ಸೇನಾ ಬ್ಯಾಂಡ್ ಮಾಡುವಂತಿಲ್ಲ. ರಜೆಯ ವೇಳೆಯಲ್ಲಿ ಹೊರಗೆ ನುಡಿಸಲು ಮೇಲಧಿಕಾರಿಯ ಅನುಮತಿ ಬೇಕು, ಸಮವಸ್ತ್ರ ಧರಿಸುವಂತಿಲ್ಲ.

ಸ್ಯಾಕ್ಸ್ ಸಾಲಿನ ಬೆನ್ನಿಗೇ ಟ್ರಾಂಬೋನ್, ಅದರ ಹಿಂದೆ ಟ್ರಂಪೆಟ್. ಸಂಗೀತಗಾರರಿಗೆಂದೇ ಮಾಡಿದ, 15 ಡೆಸಿಬೆಲ್ ಇಳಿಸುವ ಇಯರ್‌ಪ್ಲಗ್ ಮೊದಲ ದಿನದಿಂದಲೇ ಹಾಕಿ. ಹಾಕಿದಾಗ ನಿಮ್ಮ ಸ್ವರ ಹಲ್ಲು ಮತ್ತು ತಲೆಬುರುಡೆಯ ಮೂಲಕ ಜೋರಾಗಿ ಕೇಳಿ, ಅರಿವಿಲ್ಲದೆ ಊದುವುದನ್ನು ತಗ್ಗಿಸುತ್ತೀರಿ. ಮನೆಯ ಅಭ್ಯಾಸದಲ್ಲೂ ಹಾಕಿಕೊಂಡರೆ ಈ ಮೋಸ ಹೋಗುತ್ತದೆ.

20 ವರ್ಷ ಸೇವೆಗೆ ಪಿಂಚಣಿ. 2018ರ ಜನವರಿ 1ರಿಂದ ಸೇರಿದವರಿಗೆ ಅದು, ಅತಿ ಹೆಚ್ಚು ಮೂಲವೇತನ ಪಡೆದ 36 ತಿಂಗಳ ಸರಾಸರಿಯ 40 ಶೇಕಡಾ. ಜೊತೆಗಿರುವ ಉಳಿತಾಯ ಯೋಜನೆಗೆ, ಎರಡು ವರ್ಷ ಸೇವೆ ಮುಗಿದ ಮೇಲೆ, ನೀವು ವೇತನದ 5 ಶೇಕಡಾ ಹಾಕಿದರೆ ಸರ್ಕಾರವೂ 5 ಶೇಕಡಾ ಹಾಕುತ್ತದೆ. ಇದನ್ನು ಕಡೆಗಣಿಸಿದರೆ ಹೋದ ಹಣ ಮತ್ತೆ ಬಾರದು. ಶ್ರವಣ ದೋಷ, ಕಿವಿಮೊರೆತ ಇದ್ದರೆ ಸೇವೆಯಲ್ಲಿರುವಾಗಲೇ ದಾಖಲಾಗಿರಬೇಕು. ಬಿಡುವ ದಿನಕ್ಕೆ 180ರಿಂದ 90 ದಿನ ಮುಂಚೆ ಪರಿಹಾರದ ಅರ್ಜಿ ಹಾಕಿದರೆ ತೀರ್ಮಾನ ಬೇಗ ಬರುತ್ತದೆ. ಸೇನೆ ಕೊಟ್ಟ ವಾದ್ಯವನ್ನು ಬಳಸುತ್ತಿದ್ದರೆ ಅದನ್ನು ಹಿಂತಿರುಗಿಸಬೇಕಾಗುತ್ತದೆ. ಸ್ವಂತ ವಾದ್ಯವನ್ನು ಕಡೇಪಕ್ಷ ಒಂದು ವರ್ಷ ಮೊದಲೇ ಕೊಂಡು, ಅದರ ಶ್ರುತಿಯ ಏರುಪೇರುಗಳನ್ನು ಬ್ಯಾಂಡಿನ ಸಾಲಿನಲ್ಲಿ ಕೂತಿರುವಾಗಲೇ ತಿಳಿದುಕೊಳ್ಳಿ.