ಸಡಿಲ ಒಕ್ಕೂಟದ ಸೇನಾಬಲವನ್ನು ಅಳೆಯುವುದು ಹೇಗೆ: ಮರಾಠರನ್ನು ಮುಂದಿಟ್ಟುಕೊಂಡು

ಹಲವು ಸಂಸ್ಥಾನಗಳು ಸೇರಿದ ಕೂಟವೊಂದು ಯುದ್ಧದಲ್ಲಿ ಏಕೆ ಸೋತಿತೆಂದು ಬರೆಯಲು ಕುಳಿತವರು ಸಾಮಾನ್ಯವಾಗಿ ಸೈನಿಕರ ಸಂಖ್ಯೆಯನ್ನು ಕೂಡುವುದರಿಂದ ಆರಂಭಿಸುತ್ತಾರೆ. ಆ ಲೆಕ್ಕವನ್ನು ಸದ್ಯಕ್ಕೆ ಬದಿಗಿಡಿ. ಪುಣೆಯ ಪೇಶ್ವೆ, ಉತ್ತರದಲ್ಲಿ ಬೀಡುಬಿಟ್ಟಿದ್ದ ಶಿಂದೆ, ಮಾಳವದ ಹೋಳ್ಕರ್, ನಾಗಪುರದ ಭೋಸಲೆ, ಬಡೋದೆಯ ಗಾಯಕವಾಡ, ಈ ಐದು ಮನೆತನಗಳ ಕುದುರೆ, ಕಾಲಾಳು, ತೋಪುಗಳನ್ನೆಲ್ಲ ಕೂಡಿದಾಗ ಸಿಗುವ ಮೊತ್ತವು, ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯೊಡನೆ ಯುದ್ಧ ನಡೆದ 1803ರಲ್ಲಿ ಯಾವ ರಣರಂಗದಲ್ಲೂ ನಿಂತಿರಲಿಲ್ಲ.

ಮೊದಲು ಕೇಳಬೇಕಾದದ್ದು ಸಿಪಾಯಿಯ ಸಂಬಳ ಯಾರ ಕೈಯಿಂದ ಬರುತ್ತಿತ್ತು ಎಂಬುದನ್ನು. ಮರಾಠರಲ್ಲಿ ಸೈನ್ಯ ಸಾಕುವುದಕ್ಕೆಂದು ಸರದಾರನಿಗೆ ಒಂದು ಪ್ರದೇಶದ ಕಂದಾಯವನ್ನು ಬಿಟ್ಟುಕೊಡುವ ಸರಂಜಾಮು ಪದ್ಧತಿ ಇತ್ತು. ಹೀಗಾಗಿ ಸವಾರ ಉಂಡದ್ದು ಸರದಾರನ ಅನ್ನವನ್ನೇ ಹೊರತು ಪೇಶ್ವೆಯದನ್ನಲ್ಲ. ಪೇಶ್ವೆಯ ಕರೆಗೆ ಸರದಾರ ಓಗೊಡದಿದ್ದರೆ ಅವನನ್ನು ಬಗ್ಗಿಸಲು ಬೇಕಾದ ಸೈನ್ಯವೂ ಬಹುಮಟ್ಟಿಗೆ ಇನ್ನೊಬ್ಬ ಸರದಾರನ ಬಳಿಯೇ ಇರುತ್ತಿತ್ತು. ಮಹಾದಜಿ ಶಿಂದೆ ಯುರೋಪಿನ ಸವಾಯ್ ಸೀಮೆಯ ಸೇನಾಪತಿ ದ ಬುವಾನ್ಯನಿಂದ ಕಟ್ಟಿಸಿದ ಕವಾಯತು ಪಲ್ಟನುಗಳು 1793ರಲ್ಲಿ ಲಾಖೇರಿಯಲ್ಲಿ ಬಡಿದುಹಾಕಿದ್ದು ಯಾವ ಪರಕೀಯರನ್ನೂ ಅಲ್ಲ, ಹೋಳ್ಕರರ ಸೈನ್ಯವನ್ನು.

ಇನ್ನು ಒಂದು ದೊಡ್ಡ ಹಾಳೆಯಲ್ಲಿ ಐದು ಅಂಕಣಗಳನ್ನು ಗೀಚಿ, ಪ್ರತಿ ಮನೆತನ ಯುದ್ಧಕ್ಕಿಳಿದ ದಿನ ಮತ್ತು ಒಪ್ಪಂದಕ್ಕೆ ಸಹಿ ಹಾಕಿದ ದಿನವನ್ನು ಆಯಾ ಅಂಕಣದಲ್ಲಿ ಬರೆಯಿರಿ. ನನ್ನ ಮಟ್ಟಿಗೆ ಇಡೀ ವಿಧಾನದ ತಿರುಳು ಇದೇ. 1802ರ ಅಕ್ಟೋಬರ್ 25ರಂದು ಯಶವಂತರಾವ್ ಹೋಳ್ಕರ್ ಪುಣೆಯ ಬಳಿಯ ಹಡಪಸರದಲ್ಲಿ ಶಿಂದೆ ಮತ್ತು ಪೇಶ್ವೆಯ ಸೈನ್ಯಗಳನ್ನು ಸೋಲಿಸಿದ. ಓಡಿಹೋದ ಪೇಶ್ವೆ ಎರಡನೆಯ ಬಾಜಿರಾಯ ಡಿಸೆಂಬರ್ 31ರಂದು ವಸಯಿಯಲ್ಲಿ ಇಂಗ್ಲಿಷ್ ಕಂಪನಿಯ 6,000 ಕಾಲಾಳುಗಳನ್ನು ಇರಿಸಿಕೊಳ್ಳಲು, ಅವರ ಖರ್ಚಿಗೆ 26 ಲಕ್ಷ ರೂಪಾಯಿ ಹುಟ್ಟುವಳಿಯ ಪ್ರದೇಶವನ್ನು ಬಿಟ್ಟುಕೊಡಲು ಒಪ್ಪಿದ. ಗಾಯಕವಾಡ ಅದಾಗಲೇ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿದ್ದರಿಂದ ಅವನ ಅಂಕಣದಲ್ಲಿ ಯುದ್ಧವೇ ಇಲ್ಲ. 1803ರ ಆಗಸ್ಟಿನಲ್ಲಿ ಶಿಂದೆ ಮತ್ತು ಭೋಸಲೆ ಕಂಪನಿಯೊಡನೆ ಯುದ್ಧಕ್ಕಿಳಿದರು. ಡಿಸೆಂಬರ್ 17ರಂದು ಭೋಸಲೆ, ಹದಿಮೂರು ದಿನಗಳ ಬಳಿಕ ಶಿಂದೆ ಬೇರೆ ಬೇರೆಯಾಗಿ ಸಂಧಿ ಮಾಡಿಕೊಂಡರು. ಹೋಳ್ಕರನ ಅಂಕಣದಲ್ಲಿ ಮೊದಲ ದಿನಾಂಕ ಬೀಳುವುದು 1804ರ ಏಪ್ರಿಲಿನಲ್ಲಿ. ಅಷ್ಟರಲ್ಲಿ ಪಕ್ಕದ ಎರಡೂ ಅಂಕಣಗಳು ಮುಗಿದಿರುತ್ತವೆ.

ಇದೇ ಹಾಳೆಯ ಕೆಳಗೆ 1817ರ ನವೆಂಬರ್ 5ನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಅಂದು ಖಡಕಿಯಲ್ಲಿ ಪೇಶ್ವೆಯ ಸೈನ್ಯ ಇಂಗ್ಲಿಷರ ಮೇಲೆ ಬಿದ್ದಿತು. ಅದೇ ದಿನ ಕಂಪನಿಯೊಡನೆ ಮಾಡಿಕೊಂಡ ಗ್ವಾಲಿಯರ್ ಒಪ್ಪಂದಕ್ಕೆ ಶಿಂದೆಯ ಸಹಿ ಬಿದ್ದಿತು.

ಖಾಲಿ ಅಂಕಣಗಳನ್ನು ಕಂಡೊಡನೆ ‘ದ್ರೋಹ’ ಎಂದು ಬರೆದು ಮುಗಿಸುವ ಚಪಲ ಬರುತ್ತದೆ, ಅದನ್ನು ತಡೆದುಕೊಳ್ಳಬೇಕು. 1801ರಲ್ಲಿ ಹೋಳ್ಕರನ ಸಹೋದರ ವಿಠೋಜಿಯನ್ನು ಪುಣೆಯಲ್ಲಿ ಆನೆಯ ಕಾಲಿಗೆ ಕಟ್ಟಿಸಿ ಕೊಲ್ಲಿಸಿದ್ದು ಬಾಜಿರಾಯನೇ. ಎರಡು ವರ್ಷಗಳ ನಂತರ ಅದೇ ಪೇಶ್ವೆಯ ಕೂಟವನ್ನು ಉಳಿಸಲು ಹೋಳ್ಕರ್ ಏಕೆ ಓಡಿಬರಲಿಲ್ಲ ಎಂದು ಕೇಳುವ ಮೊದಲು ಈ ಸಂಗತಿಯನ್ನು ಅಂಚಿನಲ್ಲಾದರೂ ಬರೆದಿಟ್ಟುಕೊಳ್ಳುವುದು ನ್ಯಾಯ.

ಆಯುಧ, ಶೌರ್ಯಗಳ ವಿಷಯಕ್ಕೆ ಹೆಚ್ಚು ಪುಟ ಕೊಡಬೇಕಾಗಿಲ್ಲ. 1803ರ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಗೆದ್ದ ಕಂಪನಿಯ ಸೇನಾಪತಿ ಆರ್ಥರ್ ವೆಲ್ಲೆಸ್ಲಿಯ ಕಡೆಯೇ ಸತ್ತವರೂ ಗಾಯಗೊಂಡವರೂ ಸೇರಿ 1,500ಕ್ಕೂ ಹೆಚ್ಚು. ಶಿಂದೆಯ ತೋಪುಗಳು ಚೆನ್ನಾಗಿಯೇ ಕೆಲಸ ಮಾಡಿದ್ದವು.

ನಿಮ್ಮ ವಾದವನ್ನು ಅದರ ವಿರುದ್ಧ ನಿಲ್ಲುವ ಉದಾಹರಣೆಯೊಂದರಿಂದ ಪರೀಕ್ಷಿಸಿಕೊಳ್ಳಿ. 1795ರ ಮಾರ್ಚಿನಲ್ಲಿ ಖರ್ಡಾದಲ್ಲಿ ನಿಜಾಮನ ವಿರುದ್ಧ ಮರಾಠಾ ಮನೆತನಗಳು ಒಟ್ಟಾಗಿ ನಿಂತು ಗೆದ್ದವು. ಆಗ ಪುಣೆಯಲ್ಲಿ ಪೇಶ್ವೆಯ ಮಂತ್ರಿ ನಾನಾ ಫಡ್ನವೀಸ ಬದುಕಿದ್ದ, ಯುದ್ಧ ಚಿಕ್ಕದಾಗಿತ್ತು, ಬಾಕಿ ಚೌತಾಯಿಯ (ಕಂದಾಯದ ನಾಲ್ಕನೆಯ ಒಂದು ಪಾಲಿನ) ವಸೂಲಿಯ ಆಸೆಯೂ ಇತ್ತು. ಇವುಗಳಲ್ಲಿ ಯಾವುದು 1803ರಲ್ಲಿ ಇರಲಿಲ್ಲ ಎಂದು ಒಂದೊಂದಾಗಿ ನೋಡುತ್ತ ಹೋದರೆ ಕಾರಣ ತಾನಾಗಿ ಹೊರಬೀಳುತ್ತದೆ.

ಉತ್ತರ ಕರ್ನಾಟಕದ ಓದುಗರು ಹಾಳೆಗೆ ಆರನೆಯ ಅಂಕಣವೊಂದನ್ನು ಸೇರಿಸಿಕೊಳ್ಳಬಹುದು. 1803ರ ಮಾರ್ಚಿನಲ್ಲಿ ಬಾಜಿರಾಯನನ್ನು ಮತ್ತೆ ಗಾದಿಗೆ ಕೂರಿಸಲು ವೆಲ್ಲೆಸ್ಲಿ ಹೊರಟದ್ದು ಹರಿಹರದಿಂದ; ತುಂಗಭದ್ರೆ ದಾಟಿದ ಮೇಲೆ ದಕ್ಷಿಣ ಮರಾಠಾ ಸೀಮೆಯ ಪಟವರ್ಧನ ಸರದಾರರು ಅವನ ಜೊತೆಗೂಡಿದರು. ಹದಿನೈದು ವರ್ಷಗಳ ನಂತರ, ಬಾದಾಮಿಯನ್ನು ಹಿಡಿದ ಕಂಪನಿಯ ಸೇನಾಧಿಕಾರಿ ಥಾಮಸ್ ಮನ್ರೋ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ, ಶಿಂದೆ ಮತ್ತು ಹೋಳ್ಕರ್ ಇಬ್ಬರೂ ಅದಾಗಲೇ ಕಂಪನಿಯ ಷರತ್ತುಗಳಿಗೆ ಒಪ್ಪಿಯಾಗಿತ್ತು. 1818ರ ಏಪ್ರಿಲ್ 10ರಂದು ಕೋಟೆ ಶರಣಾಯಿತು; ಪೇಶ್ವೆ ಶರಣಾಗಲು ಇನ್ನೂ ಎಂಟು ವಾರಗಳಷ್ಟು ಬಾಕಿ ಇತ್ತು.