ಆಫರ್ ಲೆಟರ್ ಬಂತು, ಮುಂದೆ?

ಅರಸೀಕೆರೆಯಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಬಿಕಾಂ ಮುಗಿದಿದೆ, ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ವರ್ಷಕ್ಕೆ 3.6 ಲಕ್ಷ. ‘ಅಕ್ಕಾ, ತಿಂಗಳಿಗೆ ಮೂವತ್ತು ಸಾವಿರ!’ ಚಿಕ್ಕಪ್ಪ ಆಗಲೇ ಬೀದಿಗೆಲ್ಲ ಹೇಳಿ ಆಗಿತ್ತು. ನಾನು ಹದಿನಾಲ್ಕು ವರ್ಷದಿಂದ ಪೇರೋಲ್‌ನಲ್ಲಿ ಇದ್ದೇನೆ, ಅಂದರೆ ಬೇರೆಯವರ ಸಂಬಳ ಲೆಕ್ಕ ಹಾಕುವುದೇ ನನ್ನ ಕೆಲಸ. ಲೆಟರಿನ ಕೊನೇ ಪುಟ ವಾಟ್ಸಾಪ್ ಮಾಡು ಅಂದೆ. ಮೊದಲ ಪುಟದಲ್ಲಿ ಬರೀ ಅಭಿನಂದನೆ ಇರುತ್ತದೆ.

ಅವಳ ಲೆಕ್ಕ ಹೀಗಿತ್ತು. ಆ ಮೂವತ್ತು ಸಾವಿರದಲ್ಲಿ 2,000 ವರ್ಷದ ಕೊನೆಗೆ ಕೊಡುವ ಬೋನಸ್, ಅದೂ ಕೆಲಸ ಚೆನ್ನಾಗಿದ್ದರೆ. ಕಂಪನಿ ಕಟ್ಟುವ ಪಿಎಫ್, ಅಂದರೆ ಭವಿಷ್ಯ ನಿಧಿ, 1,800. ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದು ಬಿಡುವಾಗ ಕೊಡುವ ಹಣ, 720. ಇನ್ಶೂರೆನ್ಸ್ 480. ಇವೆಲ್ಲ ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿನ ಒಳಗೇ ಸೇರಿರುತ್ತವೆ. ಉಳಿದದ್ದು 25,000. ಅದರಲ್ಲಿ ಅವಳ ಪಾಲಿನ ಪಿಎಫ್, ಬೇಸಿಕ್ 15,000ಕ್ಕೆ ಶೇಕಡಾ 12ರಂತೆ ಇನ್ನೊಂದು 1,800. ಸಂಬಳ 25 ಸಾವಿರ ಮುಟ್ಟಿದ್ದಕ್ಕೆ ವೃತ್ತಿ ತೆರಿಗೆ 200. ಕೈಗೆ ಬರುವುದು 23,000. ಫೋನ್ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ.

ಯಾರೂ ಮೋಸ ಮಾಡಿಲ್ಲ, ಪಿಎಫ್ ಅವಳದೇ ದುಡ್ಡು. ಆದರೆ ಮನೆಗೆ ಎಷ್ಟು ಕಳಿಸುತ್ತೇನೆ ಅಂತ ಮಾತು ಕೊಡುವ ಮೊದಲು ಈ ಲೆಕ್ಕ ಹಾಕಿ. ಹತ್ತು ಸಾವಿರ ಅಂದು ಮೂರನೇ ತಿಂಗಳು ಐದಕ್ಕೆ ಇಳಿಸಿದರೆ ಮನೆಯವರಿಗೆ ಬೇಜಾರಾಗುತ್ತದೆ. ಮೊದಲೇ ಐದು ಅಂದರೆ ಯಾರಿಗೂ ಏನೂ ಅನಿಸುವುದಿಲ್ಲ. ಅದೇ ಪುಟದ ಅಕ್ಕಪಕ್ಕದಲ್ಲಿ ಬಾಂಡ್ (ಇಷ್ಟು ಕಾಲ ಕೆಲಸ ಬಿಡುವ ಹಾಗಿಲ್ಲ ಅನ್ನುವ ಕರಾರು) ಇದೆಯಾ, ನೋಟಿಸ್ ಪಿರಿಯಡ್, ಅಂದರೆ ಬಿಡುವುದಾದರೆ ಮುಂಚೆ ಹೇಳಬೇಕಾದದ್ದು, ಎಷ್ಟು ದಿನ ಅಂತಲೂ ನೋಡಿ.

ಇನ್ನೊಂದು ವಿಷಯ, ಹೆಸರು. ನಮ್ಮ ಕಡೆಯವರಿಗೆ ಇದೇ ದೊಡ್ಡ ತಲೆನೋವು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಪ್ಯಾನ್‌ನಲ್ಲಿ ಇನಿಶಿಯಲ್ ಬಿಡಿಸಿ ಊರಿನ ಹೆಸರೂ ಸೇರಿಕೊಂಡಿರುತ್ತದೆ. ಮೂರು ಕಾರ್ಡು, ಮೂರು ಮನುಷ್ಯರು! ಪಿಎಫ್‌ಗೆ ಯುಎಎನ್ ಅಂತ ಹನ್ನೆರಡು ಅಂಕಿಯ ನಂಬರ್ ಕೊಡುತ್ತಾರೆ. ಎಷ್ಟು ಕಂಪನಿ ಬದಲಾಯಿಸಿದರೂ ಅದೊಂದೇ. ಅದರಲ್ಲಿ ಹೆಸರು ತಪ್ಪಾಗಿ ಕೂತರೆ ಮುಂದೆ ದುಡ್ಡು ತೆಗೆಯುವಾಗ ಗೋಳು. ಹಾಗಾಗಿ ಸೇರುವ ಮೊದಲೇ ಆಧಾರ್ ಮತ್ತು ಪ್ಯಾನ್ ಒಂದೇ ತರ ಮಾಡಿಸಿಕೊಳ್ಳಿ.

ಅಂಕಪಟ್ಟಿಯ ಒರಿಜಿನಲ್ ಯಾರ ಕೈಗೂ ಕೊಟ್ಟು ಬರಬೇಡಿ. ನಾನು ಕೊಟ್ಟಿದ್ದೆ. ಮೊದಲ ಕೆಲಸದಲ್ಲಿ ‘ವೆರಿಫಿಕೇಶನ್‌ಗೆ’ ಅಂತ ಆರೂ ಸೆಮಿಸ್ಟರಿನ ಕಾರ್ಡು ಇಟ್ಟುಕೊಂಡರು. ಏಳು ತಿಂಗಳು ಕೇಳಿದೆ. ಇವತ್ತು ಸಾಹೇಬರಿಲ್ಲ, ನಾಳೆ ಬೀರುವಿನ ಕೀ ಇಲ್ಲ. ಅಷ್ಟರಲ್ಲಿ ಒಂದು ಬ್ಯಾಂಕಿನ ಕೆಲಸಕ್ಕೆ ದಾಖಲೆ ತೋರಿಸುವ ದಿನ ಬಂತು, ಹೋಯಿತು. ಈಗಲೂ ಆ ಬ್ಯಾಂಕಿನ ಮುಂದೆ ಹೋಗುವಾಗ ಹೊಟ್ಟೆ ಚುರ್ರ್ ಅನ್ನುತ್ತದೆ. ಒರಿಜಿನಲ್ ತೋರಿಸಿ, ಎದುರಿಗೇ ನೋಡಲಿ, ವಾಪಸ್ ತನ್ನಿ. ಜೆರಾಕ್ಸ್ ಕೊಡಿ, ಇಲ್ಲವೇ ಡಿಜಿಲಾಕರ್‌ನಲ್ಲಿ ಇರುವುದನ್ನು ಕಳಿಸಿ. ಘಟಿಕೋತ್ಸವದ ಸರ್ಟಿಫಿಕೇಟ್ ಬರುವುದು ತಡ, ಅದಕ್ಕೇ ಕಾದು ಕೂರದೆ ಪಿಡಿಸಿಗೆ, ಅಂದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೆ, ಅರ್ಜಿ ಹಾಕಿ.

ಉಳಿಯಲು ಪಿಜಿ ಹುಡುಕುವಾಗ ಬಾಡಿಗೆಗಿಂತ ಮೊದಲು ಇದನ್ನು ಕೇಳಿ: ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿದುಕೊಳ್ಳುತ್ತೀರಿ? ಉತ್ತರ ಬರೆಸಿಕೊಳ್ಳಿ. ಆಫೀಸ್ ವೈಟ್‌ಫೀಲ್ಡ್ ಕಡೆ ಅಂದರೆ ನೇರಳೆ ಮೆಟ್ರೋ ಹೋಗುವ ದಾರಿಯಲ್ಲಿ ಎಲ್ಲಾದರೂ ನೋಡಿ. ಸಾವಿರ ರೂಪಾಯಿ ಉಳಿಯುತ್ತದೆ ಅಂತ ದೂರ ಹೋದರೆ ದಿನಕ್ಕೆ ಮೂರು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ.

ಕೆಲಸ ಇನ್ನೂ ಸಿಗದವರಿಗೆ ಒಂದೆರಡು ಮಾತು. ಡಿಗ್ರಿ ಪಾಸಾಗಿ ಆರು ತಿಂಗಳಾದರೂ ಕೆಲಸ ಇಲ್ಲದಿದ್ದರೆ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಗೆ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು. ತಿಂಗಳಿಗೆ 3,000, ಹೆಚ್ಚೆಂದರೆ ಎರಡು ವರ್ಷ. ಮೆಟ್ರೋಗೆ, ಅರ್ಜಿ ಫೀಸಿಗೆ ಆಗುತ್ತದೆ, ನಾಚಿಕೆ ಯಾಕೆ? ಆದರೆ ‘ರಿಜಿಸ್ಟ್ರೇಶನ್‌ಗೆ ಎರಡು ಸಾವಿರ ಹಾಕಿ, ಲ್ಯಾಪ್‌ಟಾಪ್ ಡೆಪಾಸಿಟ್ ಹಾಕಿ’ ಅನ್ನುವ ಕಂಪನಿಗೆ ಒಂದು ರೂಪಾಯಿಯೂ ಕಳಿಸಬೇಡಿ. ಸಂಬಳ ಕೊಡಬೇಕಾದವರು ನಿಮ್ಮ ಹತ್ತಿರ ದುಡ್ಡು ಕೇಳುವುದು ಎಲ್ಲಿಯಾದರೂ ಉಂಟಾ?

ನಮ್ಮ ಹುಡುಗಿ ಹದಿನಾರನೇ ತಾರೀಕು ಸೇರಬೇಕು. ಚಿಕ್ಕಮ್ಮ ಚಟ್ನಿಪುಡಿ ಕುಟ್ಟುತ್ತಿದ್ದಾರೆ. ಆಧಾರ್‌ನಲ್ಲಿ ಇವಳ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಿದೆ, ನಾಳೆ ಬೆಳಗ್ಗೆ ಹನ್ನೊಂದಕ್ಕೆ ಟೋಕನ್. ಮೂವತ್ತಲ್ಲ, ಇಪ್ಪತ್ಮೂರು ಅಂತ ಚಿಕ್ಕಪ್ಪನಿಗೆ ಮಾತ್ರ ಇನ್ನೂ ಯಾರೂ ಹೇಳಿಲ್ಲ.